ಚೆಕ್ಕು ಟ್ರಂಕಿನಲ್ಲಿ, ಮಾತು ಗಂಟಲಿನಲ್ಲಿ

ಪ್ರಶ್ನೆ: ನನಗೆ 62 ವರ್ಷ. ಅಜ್ಜಂಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಎರಡು ಎಕರೆ ಅಡಿಕೆ ತೋಟ, ಈರುಳ್ಳಿ ಹಾಕುವ ಸ್ವಲ್ಪ ಹೊಲ ಇದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಅವರಿರುವ ತನಕ ನಾನು ಒಬ್ಬಳೇ ಬ್ಯಾಂಕಿನ ಮೆಟ್ಟಿಲು ಹತ್ತಿದವಳಲ್ಲ.

ಒಬ್ಬಳೇ ಮಗಳು, ಅಮೆರಿಕದಲ್ಲಿದ್ದಾಳೆ. ಅವಳ ಇಂಜಿನಿಯರಿಂಗ್ ಫೀಸಿಗೆ ದುಡ್ಡು ಸಾಲದೆ ನನ್ನ ಓಲೆ ಮಾರಿದ್ದೆ. ಅವಳಿಗೆ ಮಾತ್ರ ‘ತೋಟದಲ್ಲಿ ಎಲ್ಲೋ ಬಿದ್ದುಹೋಯಿತು’ ಅಂದಿದ್ದೆ. ಮದುವೆಯಾಗಿ ಹೋದ ಮೇಲೆ, ಅವಳ ವೀಸಾದಲ್ಲಿ ದುಡಿಯುವ ಹಾಗಿಲ್ಲ ಅಂತ ಏಳು ವರ್ಷ ಮನೆಯಲ್ಲೇ ಕೂತಳು. ಹೋದ ವರ್ಷ ಅನುಮತಿ ಸಿಕ್ಕಿ ಕೆಲಸಕ್ಕೆ ಸೇರಿದಳು. ಮೊದಲ ಸಂಬಳದಲ್ಲಿ 1,200 ಡಾಲರಿನ ಚೆಕ್ಕು ಬರೆದು, ದಸರಾಕ್ಕೆ ಊರಿಗೆ ಬಂದ ಪರಿಚಯದವರ ಕೈಲಿ ಕಳಿಸಿದಳು. ಜೊತೆಗೆ ಒಂದು ಚೀಟಿ: ‘ಅಮ್ಮ, ತೋಟದಲ್ಲಿ ಬಿದ್ದ ಓಲೆ ಮತ್ತೆ ಮಾಡಿಸಿಕೋ.’ ಅವಳಿಗೆ ಯಾವಾಗಲೋ ಗೊತ್ತಾಗಿದೆ.

ಚೆಕ್ಕು ತೆಗೆದುಕೊಂಡು ಅಜ್ಜಂಪುರದ ಬ್ಯಾಂಕಿಗೆ ಹೋದೆ. ಇಲ್ಲಿ ಆಗಲ್ಲ, ದೊಡ್ಡ ಬ್ರಾಂಚಿಗೆ ಹೋಗಿ ಅಂದರು. ಬೀರೂರಿನ ಮೇಲೆ ಕಡೂರಿಗೆ ಹೋದೆ. ಪಾಸ್‌ಬುಕ್ಕಿನ ಹೆಸರು, ಆಧಾರ್ ಹೆಸರು, ಚೆಕ್ಕಿನ ಹೆಸರು ಮೂರೂ ಬೇರೆ ಬೇರೆ ಇದೆ ಅಂದರು. ‘ಇಂಥದ್ದನ್ನೆಲ್ಲ ಯಾಕಮ್ಮ ತರ್ತೀರಿ’ ಅಂತ ಗಟ್ಟಿಯಾಗಿ ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದೆ ನಿಂತಿದ್ದ ಒಬ್ಬರು ಇಣುಕಿ, 09/04/2025 ಅಂತಿದೆ, ಏಪ್ರಿಲ್ ತಿಂಗಳದ್ದು, ಯಾವತ್ತೋ ಅವಧಿ ಮುಗಿದಿದೆ ಅಂದರು. ಕಣ್ಣಲ್ಲಿ ನೀರು ಬಂತು. ಬಸ್ಸು ಹತ್ತಿ ವಾಪಸು ಬಂದುಬಿಟ್ಟೆ.

ಮಗಳು ಫೋನಿನಲ್ಲಿ ಕೇಳಿದಾಗ ‘ದುಡ್ಡು ಬಂತು, ಓಲೆಗೆ ಆರ್ಡರ್ ಕೊಟ್ಟಿದೀನಿ’ ಅಂದುಬಿಟ್ಟೆ. ದೀಪಾವಳಿ ಆದಮೇಲೆ ಅವಳು ಓಲೆಯ ಮಾತೇ ಎತ್ತಿಲ್ಲ. ಮೇ ತಿಂಗಳಲ್ಲಿ ಬರುತ್ತಾಳಂತೆ. ಬರಿಗಿವಿ ನೋಡಿದರೆ ಏನು ಹೇಳಲಿ? ಊರಿನ ಪರಿಚಯದವರೊಬ್ಬರು ‘ಹಿಂದೆ ಸಹಿ ಹಾಕಿ ಕೊಡಿ, ಬೆಂಗಳೂರಿನಲ್ಲಿ ಕ್ಯಾಶ್ ಮಾಡಿಸ್ತೀನಿ, ಕಾಲು ಭಾಗ ಕಮಿಷನ್ ಹೋಗುತ್ತೆ’ ಅನ್ನುತ್ತಿದ್ದಾರೆ. ಇನ್ನೊಬ್ಬರು ವಿದೇಶದ ದುಡ್ಡು, ಇನ್‌ಕಮ್ ಟ್ಯಾಕ್ಸಿನವರು ಮನೆಗೆ ಬರುತ್ತಾರೆ ಅನ್ನುತ್ತಾರೆ. ರಾತ್ರಿ ಎದ್ದು ಟ್ರಂಕ್ ತೆಗೆದು ಚೆಕ್ಕು ಇದೆಯೋ ಇಲ್ಲವೋ ನೋಡುತ್ತೇನೆ. ಮಗಳ ಮೊದಲ ಸಂಬಳ ಹಾಳು ಮಾಡಿದೆ ಅನ್ನಿಸುತ್ತದೆ. ನಾನೇನು ಮಾಡಲಿ?

— ಹೆಸರು ಬೇಡ, ಅಜ್ಜಂಪುರ ತಾಲ್ಲೂಕು

ಉತ್ತರ: ಅಮ್ಮ, ಪತ್ರದ ಕೊನೆಯಲ್ಲಿ ನೀವು ಒಂದು ಸಾಲು ಬರೆದು ಆಮೇಲೆ ಹೊಡೆದು ಹಾಕಿದ್ದೀರಿ. ಆದರೂ ಓದಲು ಬರುತ್ತದೆ: ‘ಅವರಿದ್ದಿದ್ದರೆ ಹೀಗಾಗುತ್ತಿರಲಿಲ್ಲ.’ ನನ್ನ ಉತ್ತರವನ್ನು ಆ ಸಾಲಿನಿಂದಲೇ ಶುರು ಮಾಡುತ್ತೇನೆ.

ಎಷ್ಟೋ ವರ್ಷ ನಿಮ್ಮ ಮನೆಯ ಪಹಣಿ, ಕಂದಾಯ, ಸೊಸೈಟಿ ಸಾಲ, ಬ್ಯಾಂಕು ಎಲ್ಲವನ್ನೂ ಯಜಮಾನರು ನೋಡಿಕೊಂಡರು. ತೋಟ, ದನಕರು, ಆಳುಕಾಳು, ಅಡುಗೆ, ಮಗಳ ಓದು ಎಲ್ಲವನ್ನೂ ನೀವು ನೋಡಿಕೊಂಡಿರಿ. ಸಂಸಾರಕ್ಕೆ ಆ ಹಂಚಿಕೆ ಸರಿಯಾಗಿಯೇ ಒಪ್ಪಿತ್ತು. ಆದರೆ ಇಬ್ಬರಲ್ಲಿ ಒಬ್ಬರು ಹೋದಾಗ ಅವರ ಪಾಲಿನ ತಿಳಿವಳಿಕೆಯೂ ಅವರ ಜೊತೆಗೇ ಹೋಗಿಬಿಡುತ್ತದೆ. ಅಂದು ಕಡೂರಿನ ಕೌಂಟರಿನ ಮುಂದೆ ನಿಮಗೆ ಅಳು ಬಂದದ್ದು ಬರೀ ಒಬ್ಬ ಗುಮಾಸ್ತರ ಮಾತಿಗೆ ಎಂದು ನನಗೆ ಅನ್ನಿಸುವುದಿಲ್ಲ. ಪಕ್ಕದಲ್ಲಿ ನಿಂತು ‘ಇರು, ನಾನು ಕೇಳ್ತೀನಿ’ ಎನ್ನುತ್ತಿದ್ದವರು ಅಲ್ಲಿರಲಿಲ್ಲ. ಎರಡು ವರ್ಷವಾದರೂ ಆ ಜಾಗ ಖಾಲಿಯೇ ಇದೆ. ಅದನ್ನು ಹತ್ತು ಜನರೆದುರು ತಟ್ಟನೆ ಅನುಭವಿಸಿದಿರಿ. ಕಣ್ಣಲ್ಲಿ ನೀರು ಬಂದದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಮಗಳ ಮೊದಲ ಸಂಬಳ ಹಾಳಾಗಿಲ್ಲ. ಒಂದು ಡಾಲರೂ ಎಲ್ಲೂ ಹೋಗಿಲ್ಲ. ಚೆಕ್ಕು ಎಂದರೆ ‘ಇವರಿಗೆ ಇಷ್ಟು ಕೊಡಿ’ ಎಂದು ಬ್ಯಾಂಕಿಗೆ ಬರೆದ ಕಾಗದ. ಆ ಕಾಗದ ಅವಳ ಬ್ಯಾಂಕನ್ನು ತಲುಪಿ, ಅವರು ಒಪ್ಪಿ ಕೊಡುವ ತನಕ ಹಣ ಅವಳ ಖಾತೆಯಲ್ಲೇ ಇರುತ್ತದೆ. ನಿಮ್ಮ ಟ್ರಂಕಿನಲ್ಲಿರುವುದು ಕಾಗದ. 1,200 ಡಾಲರ್ ಇವತ್ತಿಗೂ ಮಗಳ ಹತ್ತಿರವೇ ಭದ್ರವಾಗಿದೆ. ಇದನ್ನು ಇನ್ನೊಮ್ಮೆ ಓದಿಕೊಳ್ಳಿ.

ಹಾಗಾದರೆ ಬ್ಯಾಂಕಿನಲ್ಲಿ ಯಾಕೆ ಅಷ್ಟು ಕಷ್ಟವಾಯಿತು? ನಿಮ್ಮ ಹೊಲದ ಈರುಳ್ಳಿಯನ್ನು ನೆನೆಸಿಕೊಳ್ಳಿ. ಲಾರಿಗೆ ಮೂಟೆ ಹೇರಿ ಬೆಂಗಳೂರಿನ ಮಾರುಕಟ್ಟೆಗೆ ಕಳಿಸಿದ ದಿನವೇ ದುಡ್ಡು ಕೈಗೆ ಬರುವುದಿಲ್ಲ. ಅಲ್ಲಿ ತೂಕವಾಗಬೇಕು, ಹರಾಜಾಗಬೇಕು, ಆ ದಿನದ ದರ ಕೂಡಬೇಕು. ಲಾರಿ ಬಾಡಿಗೆ, ಹಮಾಲಿ ಕಳೆದು ಪಟ್ಟಿ ಬರುತ್ತದೆ, ಆಮೇಲೆ ದುಡ್ಡು. ಡಾಲರ್ ಚೆಕ್ಕಿನ ದಾರಿಯೂ ಹೆಚ್ಚುಕಡಿಮೆ ಹೀಗೇ. ನಮ್ಮೂರಿನ ರೂಪಾಯಿ ಚೆಕ್ಕನ್ನು ಈಗ ಫೋಟೋ ತೆಗೆದು ಕಂಪ್ಯೂಟರಿನಲ್ಲೇ ಕಳಿಸುತ್ತಾರೆ. 2025ರ ಅಕ್ಟೋಬರ್ 4ರಿಂದ ಅದೇ ದಿನ ಪಾಸಾಗುವ ವ್ಯವಸ್ಥೆಯೂ ಬಂದಿದೆ. ಡಾಲರ್ ಚೆಕ್ಕಿಗೆ ಆ ಅನುಕೂಲ ಇಲ್ಲ. ಶಾಖೆಯವರು ಅದನ್ನು ವಿದೇಶಿ ವಿನಿಮಯದ ಕೆಲಸ ಮಾಡುವ ತಮ್ಮ ದೊಡ್ಡ ಶಾಖೆಗೆ ಕಳಿಸಬೇಕು. ಅಲ್ಲಿಂದ ಅಮೆರಿಕದಲ್ಲಿ ಅವರ ಪರವಾಗಿ ಕೆಲಸ ಮಾಡುವ ಬ್ಯಾಂಕಿಗೆ ಹೋಗಬೇಕು, ಅವರು ನಿಮ್ಮ ಮಗಳ ಬ್ಯಾಂಕನ್ನು ಕೇಳಬೇಕು. ಇದಕ್ಕೆ ‘ಕಲೆಕ್ಷನ್‌ಗೆ ಕಳಿಸುವುದು’ ಎನ್ನುತ್ತಾರೆ. ವಾರಗಟ್ಟಲೆ ಹಿಡಿಯುತ್ತದೆ. ಎರಡೂ ಕಡೆಯ ಬ್ಯಾಂಕುಗಳ ಖರ್ಚು ಕಳೆದು, ಆ ದಿನದ ದರದಲ್ಲಿ ರೂಪಾಯಿ ಬರುತ್ತದೆ. ಏನಾದರೂ ತಕರಾರು ಬಂದು ಚೆಕ್ಕು ವಾಪಸಾದರೆ ಅದರ ಖರ್ಚೂ ನಮ್ಮ ಮೇಲೆಯೇ. ಹೀಗಾಗಿ ಎಷ್ಟೋ ಬ್ಯಾಂಕುಗಳು ಈ ಕೆಲಸವನ್ನು ಕಡಿಮೆ ಮಾಡಿವೆ, ಕೆಲವು ಪೂರ್ತಿ ಕೈಬಿಟ್ಟಿವೆ. ನಿಮ್ಮ ಶಾಖೆಯ ಎಷ್ಟೋ ಸಿಬ್ಬಂದಿ ಇಂಥ ಚೆಕ್ಕನ್ನು ಕಣ್ಣಾರೆ ನೋಡಿಯೇ ಇರಲಿಕ್ಕಿಲ್ಲ.

ನಿಮ್ಮ ಮೇಲೆ ರೇಗಿದವರಿಗೂ ಬಹುಶಃ ಅಂದು ಏನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯದಿದ್ದಾಗ ಕೆಲವರು ದನಿ ಏರಿಸುತ್ತಾರೆ. ಅದು ಸರಿಯೆಂದು ನಾನು ಹೇಳುವುದಿಲ್ಲ. ಗ್ರಾಹಕರನ್ನು ಗೌರವದಿಂದ ನಡೆಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಗ್ರಾಹಕರ ಹಕ್ಕುಗಳ ಸನ್ನದಿನಲ್ಲಿ ಬರೆದಿದೆ. ಹಿರಿಯರಿಗೆ ಪ್ರತ್ಯೇಕ ಕೌಂಟರು ಅಥವಾ ಆದ್ಯತೆ ಕೊಡಬೇಕೆಂದು 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. 62ರ ನೀವು ಆ ಹಿರಿಯರಲ್ಲಿ ಒಬ್ಬರು. ಮುಂದಿನ ಸಲ ತಲೆ ತಗ್ಗಿಸಿ ಒಳಗೆ ಹೋಗಬೇಕಾಗಿಲ್ಲ.

ಮೂರು ಕಡೆ ಮೂರು ಹೆಸರು ಎಂಬುದೂ ನಿಮ್ಮೊಬ್ಬರ ಸಮಸ್ಯೆಯಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ‘ಕೋಂ’ ಎಂದು ಗಂಡನ ಹೆಸರಿನ ಜೊತೆ ಇರುತ್ತದೆ, ಶಾಲೆಯ ದಾಖಲೆಯಲ್ಲಿ ಅಪ್ಪನ ಇನಿಷಿಯಲ್ ಇರುತ್ತದೆ, ಆಧಾರ್ ಮಾಡಿಸುವಾಗ ಇನ್ನೊಂದು ಬಗೆ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ ಹೆಸರಿನ ಜೊತೆ ಮನೆತನದ ಹೆಸರನ್ನೂ ಬರೆಯುವುದು ರೂಢಿ, ಆದ್ದರಿಂದ ಮಗಳು ನಿಮಗೂ ಒಂದನ್ನು ಹೊಂದಿಸಿ ಬರೆದಿರಬೇಕು. ಅವಳು ಬರೆದದ್ದು ಪ್ರೀತಿಯಿಂದ, ಬ್ಯಾಂಕಿನವರು ತಡೆದದ್ದು ನಿಯಮದಿಂದ. ನಡುವೆ ನಿಂತ ನಿಮ್ಮ ತಪ್ಪು ಇದರಲ್ಲಿ ಏನಿದೆ?

ಈಗ ಆ ಸುಳ್ಳಿನ ಮಾತಿಗೆ ಬರೋಣ. ‘ಓಲೆಗೆ ಆರ್ಡರ್ ಕೊಟ್ಟಿದೀನಿ’ ಎಂದಿರಿ. ನಿಜ ಹೇಳಿದ್ದರೆ ಒಳ್ಳೆಯದಿತ್ತು. ಆದರೆ ನೀವು ಯಾಕೆ ಹಾಗೆ ಹೇಳಿದಿರಿ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಏಳು ವರ್ಷ ಕಾದು ದುಡಿದ ಮಗಳ ಸಂತೋಷಕ್ಕೆ ಮಸಿ ಬೀಳಬಾರದು ಎಂದುಕೊಂಡಿರಿ. ಆ ಏಳು ವರ್ಷ ಎಂಥವೆಂದು ಓದುಗರೂ ತಿಳಿಯಬೇಕು. ಅಲ್ಲಿ ಉದ್ಯೋಗದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ 2015ರ ಮೇ ತಿಂಗಳವರೆಗೆ ದುಡಿಯುವ ಅನುಮತಿಯೇ ಇರಲಿಲ್ಲ. ಆಮೇಲೂ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತ ದಾಟಿದವರಿಗೆ ಮಾತ್ರ ಸಿಗುತ್ತದೆ. ಓದಿದ ಓದನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಕಾಯುವ ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ. ಹಾಗೆ ಕಾದ ಕೈಗೆ ಬಂದ ಮೊದಲ ಸಂಬಳದಲ್ಲಿ ಅವಳು ನೆನೆಸಿಕೊಂಡದ್ದು ನಿಮ್ಮ ಕಿವಿಯನ್ನು. ಅದನ್ನು ಕಾಪಾಡಬೇಕೆಂದು ನಿಮಗೆ ಅನ್ನಿಸಿದ್ದು ಸಹಜ.

ಆದರೆ ಅಮ್ಮ, ನಿಮ್ಮ ಪತ್ರದಲ್ಲೇ ಇರುವ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು, ಅಂದು ಓಲೆ ತೋಟದಲ್ಲಿ ಬಿತ್ತು ಎಂದಿರಿ. ಅದು ನಿಜವಲ್ಲವೆಂದು ಅವಳಿಗೆ ತಿಳಿಯಿತು. ತಿಳಿದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಿಮ್ಮನ್ನು ‘ಸುಳ್ಳು ಹೇಳಿದೆ’ ಎಂದು ಕೇಳಲಿಲ್ಲ, ಚೀಟಿಯಲ್ಲೂ ‘ತೋಟದಲ್ಲಿ ಬಿದ್ದ ಓಲೆ’ ಎಂದೇ ಬರೆದು ನಿಮ್ಮ ಮಾತನ್ನು ಉಳಿಸಿದಳು. ಎರಡನೆಯದು, ದೀಪಾವಳಿಯಾದ ಮೇಲೆ ಅವಳು ಓಲೆಯ ಸುದ್ದಿ ಎತ್ತಿಲ್ಲ. ಬರೆದ ಚೆಕ್ಕು ಪಾಸಾಯಿತೋ ಇಲ್ಲವೋ ಎಂಬುದು ಖಾತೆದಾರರಿಗೆ ಫೋನಿನಲ್ಲೇ ಕಾಣುತ್ತದೆ. 1,200 ಡಾಲರ್ ಖಾತೆಯಿಂದ ಹೋಗಿಲ್ಲ ಎಂದು ಅವಳು ನೋಡಿರುವ ಸಾಧ್ಯತೆ ಬಹಳ ಇದೆ. ನೋಡಿಯೂ, ಅಮ್ಮನಿಗೆ ಮುಜುಗರವಾಗಬಾರದೆಂದು ಸುಮ್ಮನಿದ್ದಾಳೆಂದು ನನಗೆ ಅನ್ನಿಸುತ್ತದೆ.

ಹಾಗಿದ್ದರೆ ಈ ಐದು ತಿಂಗಳು ನೀವಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕೂತಿದ್ದೀರಿ. ಅವಳ ಸಂತೋಷ ಕೆಡದಿರಲೆಂದು ನೀವು, ನಿಮ್ಮ ಮಾನ ಉಳಿಯಲೆಂದು ಅವಳು. ಇದರಲ್ಲಿ ಮೋಸ ಎಲ್ಲಿದೆ? ಪ್ರೀತಿಯೇ ಇದೆ. ಆದರೆ ಮಾತಾಡದೆ ಹೋದರೆ ಇಂಥ ಪ್ರೀತಿಯೂ ಇಬ್ಬರ ನಿದ್ದೆಯನ್ನೂ ತಿನ್ನುತ್ತದೆ. ಈ ಮೌನವನ್ನು ಇಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸುವವರು ನೀವೇ ಆಗಬೇಕೆಂದು ನನ್ನ ಆಸೆ, ಏಕೆಂದರೆ ನೀವು ತಾಯಿ.

ಮಾಡಬೇಕಾದ್ದು ನಾಲ್ಕೇ ಕೆಲಸ. ಅವಸರ ಬೇಡ, ಆದರೆ ಒಂದು ವಾರಕ್ಕಿಂತ ತಡಮಾಡಬೇಡಿ.

ಮೊದಲನೆಯದು: ಚೆಕ್ಕಿನ ಹಿಂಬದಿಗೆ ಸಹಿ ಹಾಕಬೇಡಿ, ಯಾರ ಕೈಗೂ ಕೊಡಬೇಡಿ, ಫೋಟೋವನ್ನೂ ಮಗಳ ಹೊರತು ಯಾರಿಗೂ ಕಳಿಸಬೇಡಿ. ಯಾರ ಹೆಸರನ್ನೂ ಬರೆಯದೆ ಹಿಂದೆ ಬರೀ ಸಹಿ ಹಾಕಿಬಿಟ್ಟರೆ ಆ ಚೆಕ್ಕು ಹಿಡಿದವರದ್ದಾಗುತ್ತದೆ. ಅದರ ಮೇಲೆ ನಿಮ್ಮ ಮಗಳ ಖಾತೆಯ ನಂಬರೂ ಅಚ್ಚಾಗಿರುತ್ತದೆ, ಅದು ಕಂಡಕಂಡವರ ಕೈಗೆ ಹೋಗಬಾರದು. ಊರಿನವರು ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನಾನು ಹೇಳುತ್ತಿಲ್ಲ, ನಿಮ್ಮ ಕಷ್ಟ ನೋಡಿ ಹೇಳಿರಬಹುದು. ಅವರಿಗೆ ಒಂದೇ ಮಾತು ಹೇಳಿ: ‘ಮಗಳೇ ನೋಡಿಕೊಳ್ತಾಳಂತೆ, ನೀವು ಕೇಳಿದ್ದು ಸಂತೋಷ.’ ಅಷ್ಟಕ್ಕೇ ನಿಲ್ಲಿಸಿ. ಕಾರಣ ವಿವರಿಸುವ ಋಣ ನಿಮಗಿಲ್ಲ.

ಎರಡನೆಯದು: ತಾರೀಖಿನ ಗೊಂದಲ ಬಿಡಿಸಿಕೊಳ್ಳಿ. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೆಯುತ್ತಾರೆ. 09/04/2025 ಎಂದರೆ ಅವರ ಲೆಕ್ಕದಲ್ಲಿ 2025ರ ಸೆಪ್ಟೆಂಬರ್ 4. ನಮ್ಮ ಚೆಕ್ಕಿಗೆ ಮೂರು ತಿಂಗಳ ಅವಧಿ. 2012ರ ಏಪ್ರಿಲ್‌ನಿಂದ ಹೀಗಿದೆ, ಅದಕ್ಕೆ ಮುಂಚೆ ಆರು ತಿಂಗಳಿತ್ತು. ಅಲ್ಲಿ ಸಾಮಾನ್ಯ ಖಾಸಗಿ ಚೆಕ್ಕಿಗೆ ಆರು ತಿಂಗಳು, ಅದು ದಾಟಿದರೆ ಕೊಡಲೇಬೇಕೆಂಬ ಕಟ್ಟುಪಾಡು ಬ್ಯಾಂಕಿಗಿಲ್ಲ. ಅಂದರೆ ಸಾಲಿನಲ್ಲಿದ್ದವರು ಹೇಳಿದಂತೆ ಅವಧಿ ಅಂದೇ ಮುಗಿದಿರಲಿಲ್ಲ. ಆದರೆ ಈಗ ಉಳಿದಿರುವ ದಿನ ಬಹಳ ಕಡಿಮೆ. ಇವತ್ತೇ ಕಲೆಕ್ಷನ್‌ಗೆ ಹಾಕಿದರೂ ಅಲ್ಲಿಗೆ ಮುಟ್ಟುವುದರೊಳಗೆ ಆರು ತಿಂಗಳು ದಾಟೀತು. ಹೆಸರಿನ ತೊಡಕೂ ಹಾಗೆಯೇ ಇದೆ. ಆದ್ದರಿಂದ ಈ ಚೆಕ್ಕಿನ ಬೆನ್ನು ಹತ್ತಬೇಡಿ ಎಂದೇ ನನ್ನ ಸಲಹೆ. ಅದು ತನ್ನ ಕೆಲಸ ಮಾಡಿಯಾಯಿತು, ಮಗಳ ಮನಸ್ಸನ್ನು ನಿಮಗೆ ತಲುಪಿಸಿತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಬರುವ ಭಾನುವಾರ ಸಂಜೆ ಮಗಳಿಗೆ ಫೋನ್ ಮಾಡಿ. ನಮ್ಮ ಸಂಜೆ ಅವರಿಗೆ ಅದೇ ದಿನದ ಬೆಳಗ್ಗೆ, ಅವಳಿಗೂ ರಜೆ. ಮಾತು ಹೇಗೆ ಶುರು ಮಾಡಲಿ ಎಂಬುದೇ ನಿಮ್ಮ ಕಷ್ಟವಾದರೆ ಹೀಗೆ ಹೇಳಿ: ‘ಮಗಳೇ, ಒಂದು ವಿಷಯ ಐದು ತಿಂಗಳಿಂದ ಗಂಟಲಲ್ಲೇ ಇದೆ. ನೀನು ಕಳಿಸಿದ ಚೆಕ್ಕು ಇನ್ನೂ ಟ್ರಂಕಿನಲ್ಲಿದೆ. ಬ್ಯಾಂಕಿಗೆ ಹೋಗಿದ್ದೆ, ಆಗಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ.’ ಇಷ್ಟು ಸಾಕು. ಇದರ ಮುಂದೆ ‘ನಾನು ದಡ್ಡಿ, ನನ್ನ ಕೈಲಿ ಏನೂ ಆಗಲ್ಲ’ ಎಂದು ಸೇರಿಸಬೇಡಿ. ಹಾಗೆಂದರೆ ಅವಳು ನಿಮ್ಮನ್ನು ಸಮಾಧಾನ ಮಾಡುವುದರಲ್ಲೇ ಫೋನು ಮುಗಿಯುತ್ತದೆ. ಅವಳಿಗೂ ಹೇಳಲು ಏನೋ ಇರಬಹುದು, ಅವಳ ಮಾತಿಗೂ ಜಾಗ ಬಿಡಿ. ಒಂದು ವೇಳೆ ಅವಳು ಸ್ವಲ್ಪ ಸಿಟ್ಟು ಮಾಡಿಕೊಂಡರೂ ಹೆದರಬೇಡಿ. ಇಷ್ಟು ದಿನ ಅಮ್ಮ ಒಬ್ಬಳೇ ನರಳಿದಳಲ್ಲ ಎಂಬ ಸಂಕಟವೂ ಮೊದಲು ಸಿಟ್ಟಾಗಿಯೇ ಹೊರಗೆ ಬರುವುದುಂಟು. ಯಜಮಾನರಿಲ್ಲದ ಬ್ಯಾಂಕು ನಿಮಗೆ ಹೇಗನ್ನಿಸಿತು ಎಂಬುದನ್ನೂ ಅವಳಿಗೆ ಹೇಳಿ. ಅವಳು ಅಪ್ಪನನ್ನು ಕಳೆದುಕೊಂಡವಳು. ಆ ಮಾತನ್ನು ನಿಮ್ಮಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ಲೋಕದಲ್ಲಿ ಅವಳೊಬ್ಬಳೇ.

ನಾಲ್ಕನೆಯದು: ಹಣವನ್ನು ನೇರವಾಗಿ ನಿಮ್ಮ ಖಾತೆಗೆ ಕಳಿಸಲು ಅವಳಿಗೆ ಹೇಳಿ. ಚೆಕ್ಕಿನ ಮೇಲೆ ಅಡ್ಡಡ್ಡ ಎರಡು ಗೆರೆ ಎಳೆದು ‘ರದ್ದು’ ಎಂದು ಬರೆದು ಅವಳಿಗೆ ಫೋಟೋ ಕಳಿಸಿ. ಬೇಕಿದ್ದರೆ ಆ ಚೆಕ್ಕಿಗೆ ಹಣ ಕೊಡಬೇಡಿ ಎಂದು ಅವಳು ತನ್ನ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಮಾಡಿಸಿಕೊಳ್ಳಲಿ. ಆಮೇಲೆ ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಿ. ಅದರಲ್ಲಿ ಹೆಸರು ಯಾವ ಅಕ್ಷರದಲ್ಲಿದೆಯೋ ಅದೇ ಅಕ್ಷರದಲ್ಲಿ ಅವಳು ಬರೆಯಬೇಕು, ಇದನ್ನು ಒತ್ತಿ ಹೇಳಿ. ಪಾಸ್‌ಬುಕ್ಕು ಹಳೆಯದಾಗಿದ್ದರೆ ಮೊದಲು ಹೊಸದು ಮಾಡಿಸಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಬಹಳ ಜನರ ಖಾತೆ ಇದ್ದ ಬ್ಯಾಂಕುಗಳು ಬೇರೆ ಬ್ಯಾಂಕಿನಲ್ಲಿ ಸೇರಿಹೋಗಿವೆ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಪುಸ್ತಕದ ಐಎಫ್‌ಎಸ್‌ಸಿ ಕೋಡ್ ಕಳಿಸಿದರೆ ಹಣ ದಾರಿ ತಪ್ಪಿ ವಾಪಸಾಗಬಹುದು. ಪಾಸ್‌ಬುಕ್ಕು ಹೊಸದು ಮಾಡಿಸಲು ನಿಮ್ಮ ಅಜ್ಜಂಪುರದ ಶಾಖೆಯೇ ಸಾಕು, ಕಡೂರಿಗೂ ತರೀಕೆರೆಗೂ ಅಲೆಯಬೇಕಾಗಿಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಬರುತ್ತದೆ. ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇರುವ ಹಣ ರವಾನೆ ಸಂಸ್ಥೆಗಳ ಮೂಲಕವೂ ಮನೆಯವರಿಗೆ ಒಂದು ಸಲಕ್ಕೆ 2,500 ಡಾಲರಿನವರೆಗೆ ಕಳಿಸಬಹುದು. ಒಂದು ಮಾತು ಮಗಳ ಗಮನಕ್ಕೆ: ಅಮೆರಿಕದಲ್ಲಿ 2026ರ ಜನವರಿ 1ರಿಂದ ನಗದು, ಮನಿ ಆರ್ಡರ್ ಮುಂತಾದವನ್ನು ಕೊಟ್ಟು ಹೊರದೇಶಕ್ಕೆ ಹಣ ಕಳಿಸಿದರೆ ಶೇಕಡಾ 1ರಷ್ಟು ತೆರಿಗೆ ಇದೆ. ತನ್ನ ಬ್ಯಾಂಕ್ ಖಾತೆಯಿಂದಲೇ ಕಳಿಸಿದರೆ ಅದು ಬೀಳುವುದಿಲ್ಲ.

ಇನ್‌ಕಮ್ ಟ್ಯಾಕ್ಸಿನ ಹೆದರಿಕೆಯನ್ನೂ ಇಳಿಸಿಬಿಡಿ. ಮಗಳು ತಾಯಿಗೆ ಪ್ರೀತಿಯಿಂದ ಕೊಟ್ಟ ಹಣಕ್ಕೆ, ಅದು ಎಷ್ಟೇ ಇರಲಿ, ತಾಯಿ ತೆರಿಗೆ ಕಟ್ಟಬೇಕಾಗಿಲ್ಲ. ಬ್ಯಾಂಕಿನವರು ಯಾಕೆ ಬಂತು ಎಂದು ಕೇಳಿದರೆ ಇದ್ದದ್ದನ್ನೇ ಹೇಳಿ: ‘ಮಗಳು ಖರ್ಚಿಗೆ ಕಳಿಸಿದ್ದಾಳೆ.’ ಆ ಪ್ರಶ್ನೆ ಎಲ್ಲರಿಗೂ ಕೇಳುವಂಥದ್ದು, ಅನುಮಾನದಿಂದ ಕೇಳುವುದಲ್ಲ.

ಬ್ಯಾಂಕಿಗೆ ಮತ್ತೆ ಹೋಗಲು ಕಾಲು ಹಿಂದೆಗೆದರೆ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೈದುನನ ಮಗನೋ, ಪಕ್ಕದ ಮನೆಯ ಓದುವ ಹುಡುಗಿಯೋ ಆಗಬಹುದು. ಮಾತು ಮಾತ್ರ ನೀವೇ ಆಡಿ, ಅವರು ಪಕ್ಕದಲ್ಲಿ ನಿಂತಿರಲಿ. ಕೇಳಬೇಕಾದ ಎರಡು ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಫಾರಂ ಕನ್ನಡದಲ್ಲೇ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಮತ್ತೆ ಯಾರಾದರೂ ಅಗೌರವ ತೋರಿಸಿದರೆ ಮ್ಯಾನೇಜರಿಗೆ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿವರ ಕೇಳಲು 14448ಕ್ಕೆ ಫೋನ್ ಮಾಡಿ.

ಇದನ್ನು ಓದುತ್ತಿರುವ ಇತರರಿಗೂ ಎರಡು ಮಾತು. ಕಡೂರು, ಬೀರೂರು, ತರೀಕೆರೆಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಮಕ್ಕಳೇ, ಅಪ್ಪ ಅಮ್ಮನಿಗೆ ಏನಾದರೂ ಕಳಿಸುವ ಮುನ್ನ ‘ಇದನ್ನು ಅವರು ಯಾರ ಮುಂದೆ ಹಿಡಿದು ನಿಲ್ಲಬೇಕಾದೀತು’ ಎಂದು ಒಮ್ಮೆ ಯೋಚಿಸಿ. ಕಾಗದದ ಚೆಕ್ಕಿನ ಕಾಲ ಅಲ್ಲಿಯೂ ಮುಗಿಯುತ್ತ ಬಂದಿದೆ. ಅಮೆರಿಕ ಸರ್ಕಾರವೇ ತನ್ನ ಪಾವತಿಗಳನ್ನು ಕಾಗದದ ಚೆಕ್ಕಿನಲ್ಲಿ ಕೊಡುವುದನ್ನು 2025ರ ಸೆಪ್ಟೆಂಬರ್ 30ರಿಂದ ನಿಲ್ಲಿಸಬೇಕೆಂದು ಆದೇಶ ಹೊರಡಿಸಿತು. ನಿಮಗೆ ಅಲ್ಲಿ ಒಂದು ಗಳಿಗೆಯ ಕೆಲಸವಾದದ್ದು ಇಲ್ಲಿ ಅವರಿಗೆ ಮೂರು ಬಸ್ಸಿನ ಅಲೆದಾಟವಾಗಬಹುದು.

ಪರಿಚಯವೇ ಇಲ್ಲದವರಿಂದ ವಿದೇಶಿ ಚೆಕ್ಕು ಬಂದರೆ ಅದು ಬೇರೆ ವಿಷಯ. ‘ಬಹುಮಾನ ಬಂದಿದೆ’, ‘ಹೆಚ್ಚಿಗೆ ಬರೆದಿದ್ದೇವೆ, ಉಳಿದದ್ದನ್ನು ವಾಪಸು ಕಳಿಸಿ’, ‘ಮೊದಲು ಶುಲ್ಕ ಕಟ್ಟಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಖಾತೆಗೆ ಜಮಾ ಆದಂತೆ ಕಂಡ ವಿದೇಶಿ ಚೆಕ್ಕೂ ಆಮೇಲೆ ಖೋಟಾ ಎಂದು ವಾಪಸಾಗಬಹುದು. ಅಷ್ಟರಲ್ಲಿ ನೀವು ಕಳಿಸಿದ ಹಣ ಹೋಗಿರುತ್ತದೆ. ಈಗಾಗಲೇ ಕಳಿಸಿದ್ದರೆ ನಾಚಿಕೊಂಡು ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಮ್ಮ, ಕೊನೆಯದಾಗಿ ನಿಮ್ಮ ನಿದ್ದೆಯ ವಿಷಯ. ಮಗಳ ಜೊತೆ ಮಾತಾಡಿದ ಮೇಲೆ ಅದು ತಾನಾಗಿ ಸರಿಹೋದೀತು. ಎರಡು ಮೂರು ವಾರವಾದರೂ ರಾತ್ರಿ ಎಚ್ಚರವಾಗುವುದು, ಎದೆ ಭಾರ, ಊಟ ಬೇಡವೆನಿಸುವುದು ಮುಂದುವರಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕಟ್ಟಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕೆಂದೂ ಇಲ್ಲ. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೂ ಹೇಳಬಹುದು. ಸಂಗಾತಿಯನ್ನು ಕಳೆದುಕೊಂಡವರ ದುಃಖ ಎರಡು ವರ್ಷಕ್ಕೆ ಮುಗಿಯಲೇಬೇಕೆಂಬ ನಿಯಮವಿಲ್ಲ. ಅದನ್ನು ಯಾರ ಹತ್ತಿರವಾದರೂ ಹೇಳಿಕೊಂಡರೆ ಹಗುರವಾಗುತ್ತದೆ.

ಮೇ ತಿಂಗಳಲ್ಲಿ ಮಗಳು ಬರುವುದರೊಳಗೆ ಸಾಲ ಸೋಲ ಮಾಡಿ ಓಲೆ ಮಾಡಿಸಿಡುವ ಯೋಚನೆ ನಿಮಗೆ ಬಂದಿದ್ದರೆ ದಯವಿಟ್ಟು ಅದನ್ನು ಬಿಡಿ. ಅವಳು ಬರಿಗಿವಿಯ ಅಮ್ಮನನ್ನೇ ನೋಡಲಿ. ಹಣ ಬಂದರೆ ಖಾತೆಯಲ್ಲಿ ಇರಲಿ. ಅವಳು ಬಂದು ಒಂದೆರಡು ದಿನ ಸುಧಾರಿಸಿಕೊಂಡ ಮೇಲೆ ಇಬ್ಬರೂ ಜೊತೆಯಾಗಿ ಅಂಗಡಿಗೆ ಹೋಗಿ, ಅವಳೇ ಆರಿಸಲಿ, ನಿಮ್ಮ ಕಿವಿಗೆ ಅವಳೇ ಇಟ್ಟು ನೋಡಲಿ. ರದ್ದಾದ ಚೆಕ್ಕನ್ನು ಹರಿಯಬೇಡಿ, ಅವಳ ಚೀಟಿಯ ಜೊತೆಗೆ ಟ್ರಂಕಿನಲ್ಲೇ ಇಡಿ. ಇನ್ನು ಮುಂದೆ ಅದನ್ನು ಕಾವಲು ಕಾಯಲು ರಾತ್ರಿ ಏಳಬೇಕಾಗಿಲ್ಲ. ಯಾವಾಗಲಾದರೂ ಮಗಳ ನೆನಪಾದಾಗ, ಹಗಲು ಹೊತ್ತಿನಲ್ಲಿ ತೆಗೆದು ನೋಡಿ.